ಸಣ್ಣ ಚಿತ್ರದ ದಳವಾಯಿ

ಫೆಬ್ರವರಿ 3, ಬೆಳಿಗ್ಗೆ 9

ಚಹಾ ಆಯಿತು. ಕಂಪ್ಯೂಟರ್ ಆನ್ ಮಾಡಿದೆ. ಐದು ನಿಮಿಷ ಗುಂಯ್ ಅಂದಿತು. ನಾಟಕದ ಮೂರನೇ ಗಂಟೆ ಹೊಡೆದ ಮೇಲೂ ಏಳದ ಪರದೆಯ ಹಾಗೆ ಕಾಯಿಸಿ, ಆಮೇಲೆ ಎದ್ದಿತು. ಮಗಳು ರಾಜಶ್ರೀ ಹಾನಗಲ್ಲಿನಿಂದ ಕಳಿಸಿದ ಯಂತ್ರ. ಟೀಚರ್ ಆಗಿರುವ ಅವಳಿಗೆ ಶಾಲೆಯ ಕೆಲಸಕ್ಕೆ ಲ್ಯಾಪ್‌ಟಾಪ್ ಬಂತು, ಹಳೆಯದು ಹಿರೇಕೆರೂರಿಗೆ ನನ್ನ ಪಾಲಿಗೆ ಬಂತು.

ನಾಟಕದ ಫೋಟೋಗಳ ಫೋಲ್ಡರ್ ತೆರೆದೆ. ಮತ್ತೆ ಅದೇ ಆಟ. ಸಾಲಾಗಿ ಸಣ್ಣ ಸಣ್ಣ ಚಿತ್ರಗಳು. ಸಣ್ಣದರಲ್ಲಿ ರಾಣಿ ತೆಳ್ಳಗಿದ್ದಾಳೆ. ಎರಡು ಸಲ ಒತ್ತಿದರೆ ದೊಡ್ಡದಾಗಿ ಬರುವವಳು ಬೇರೆ ರಾಣಿ, ದಪ್ಪ. ಮಂತ್ರಿಯನ್ನು ಒತ್ತಿದೆ — ಗಡ್ಡ ಬೋಳಿಸಿಕೊಂಡು ಇನ್ನೊಬ್ಬ ಬಂದ. ದಳವಾಯಿಯನ್ನು ಒತ್ತಿದೆ. ಸಣ್ಣ ಚಿತ್ರದಲ್ಲಿ ಸವಣೂರಿನ ಗೆಳೆಯ ಇಸಾಕ, ಕತ್ತಿ ಹಿಡಿದು, ಹುಲಿಯಂತೆ. ದೊಡ್ಡದಾಗಿ ಬಂದವನು ನಾನು. ಹೊಟ್ಟೆ ಸಮೇತ.

ಅಪ್ಪ ನಾಟಕ ಕಂಪನಿಯಲ್ಲಿ ಪರದೆ ಎಳೆಯುತ್ತಿದ್ದ. ಸೀನರಿಗಳ ಹಿಂದೆ ಮಲಗಿ ಬೆಳೆದವನು ನಾನು. ನಲವತ್ತು ವರ್ಷ ಈ ಸುತ್ತಿನ ಹಳ್ಳಿಗಳಿಗೆ ನಾಟಕ ಕಲಿಸಿದ್ದೇನೆ. ಪ್ರವೇಶ ತಪ್ಪಿದ ಎಷ್ಟೋ ನಟರನ್ನು ಕಂಡಿದ್ದೇನೆ. ಇಡೀ ಸಂಘವೇ ಒಟ್ಟಿಗೆ ಪ್ರವೇಶ ತಪ್ಪಿದ್ದು ಇದೇ ಮೊದಲು.

ಇರಲಿ. ನೋಡೋಣ. ಅವಸರವೇನಿಲ್ಲ.

ಫೆಬ್ರವರಿ 4, ಮಧ್ಯಾಹ್ನ

ಅವಸರ ಬಂತು.

ಗೌಸಬಿಯ ಫೋನು. ಇಸಾಕನ ಹೆಂಡತಿ. ಅವನು ತೀರಿಕೊಂಡು ಬರುವ ತಿಂಗಳಿಗೆ ವರ್ಷ. ಯೋಗಕ್ಷೇಮ ಎಲ್ಲ ಕೇಳಿದಳು, ನನ್ನ ಹೆಂಡತಿ ಮಂಜವ್ವನ ಮಂಡಿ ನೋವನ್ನೂ ಕೇಳಿದಳು. ಆಮೇಲೆ ವಿಷಯಕ್ಕೆ ಬಂದಳು.

"ಅಣ್ಣಾರ, ಕಣ್ಣಿನ ಆಪರೇಶನ್ ಆತ್ರಿ. ಚಸ್ಮಾ ಇಪ್ಪತ್ತಕ್ಕ ಬರತೈತಿ. ನಮ್ಮವರು ವೇಷ ಕಟ್ಟಿದ ಫೋಟೋ ನಿಮ್ಮ ಹತ್ರ ಐತೇನು? ಒಂದ ಸಲನೂ ನೋಡಿಲ್ರಿ ನಾನು."

ಐತಿ ಅಂದೆ. ರಂಗದ ಮೇಲೆ ಹೇಳುವಷ್ಟು ಗಟ್ಟಿಯಾಗಿ ಅಂದೆ.

ಅವಳು ನೋಡಿಲ್ಲ, ನಿಜ. ಇಸಾಕನ ಅಣ್ಣನಿಗೆ ತಮ್ಮ ಮುಖಕ್ಕೆ ಬಣ್ಣ ಹಚ್ಚುವುದು ಸೇರುತ್ತಿರಲಿಲ್ಲ. ಇಸಾಕ ವೀಳ್ಯದೆಲೆ ವ್ಯಾಪಾರಿ. ಹಾನಗಲ್ ಸಂತೆಗೆ ಎಲೆ ಒಯ್ಯುತ್ತೇನೆ ಎಂದು ಪೆಂಡಿ ಹೊತ್ತು ಬಂದು, ಎಲೆ ಮಾರಿ, ನಮ್ಮಲ್ಲಿ ದಳವಾಯಿಯಾಗಿ ಗುಡುಗಿ, ಬೆಳಗಾಗುವುದರೊಳಗೆ ಮುಖ ತೊಳೆದು ಹೋಗುತ್ತಿದ್ದ. ಅಣ್ಣ ಕಂಡಾನೆಂದು ಫೋಟೋ ತೆಗೆಯಲು ಯಾರಿಗೂ ಬಿಡುತ್ತಿರಲಿಲ್ಲ. ಒಮ್ಮೆ ಮಾತ್ರ, ಬಣ್ಣದ ಮನೆಯಲ್ಲಿ, ನನ್ನ ಒತ್ತಾಯಕ್ಕೆ ನಿಂತ. ತಲೆಗೆ ರುಮಾಲು, ಹುರಿ ಮೀಸೆ, ನಡುವಿಗೆ ಜರಿಯಂಚಿನ ಕೆಂಪು ವಸ್ತ್ರ. ಆ ಕೆಂಪು ವಸ್ತ್ರ ಅವನದೇ. ಎಲ್ಲಿಂದ ತಂದೆ ಎಂದರೆ "ಮನಿಯಾಗಿಂದು" ಎಂದ, ಅಷ್ಟೇ. ಬಾಯಿಗೊಂದು ಲವಂಗ ಹಾಕಿಕೊಂಡು, ನನಗೂ ಒಂದು ಕೊಟ್ಟು, ಪ್ರವೇಶಕ್ಕೆ ಹೋದ. ಲವಂಗ ಇಲ್ಲದೆ ಅವನು ಒಂದು ದಿನವೂ ಒಳಗೆ ಹೋದವನಲ್ಲ.

ಅದೊಂದೇ ಫೋಟೋ. ಅಣ್ಣನೂ ಈಗಿಲ್ಲ. ಇನ್ನು ಯಾರಿಗೆ ಹೆದರಬೇಕು.

ಫೆಬ್ರವರಿ 5

ದಳವಾಯಿಯನ್ನು ಹನ್ನೆರಡು ಸಲ ಒತ್ತಿದೆ. ಹನ್ನೆರಡು ಸಲವೂ ನಾನೇ ಬಂದೆ.

ನನ್ನ ಮುಖ ನೋಡಿ ನನಗೇ ಸಾಕಾಗಿದ್ದು ಜೀವನದಲ್ಲಿ ಇದೇ ಮೊದಲು. ಮಂಜವ್ವ ಹಿಂದೆ ನಿಂತು ನೋಡಿದಳು. ನನಗ ಈ ಮುಖ ನಲವತ್ತು ವರ್ಷದಿಂದ ಐತಿ ಎಂದು ಹೇಳಿ ಒಳಗೆ ಹೋದಳು.

ಫೆಬ್ರವರಿ 6, 11 ಗಂಟೆ

ಬಸ್ ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಾಲತೇಶನಿಗೆ ಫೋನ್ ಮಾಡಿದೆ. ಹಿಂದೆ ನನ್ನ ನಾಟಕದಲ್ಲಿ ದ್ವಾರಪಾಲಕ. ಇದ್ದದ್ದು ಒಂದೇ ಮಾತು, ಅದನ್ನೂ ಮರೆತಿದ್ದ. ಯಂತ್ರದ ವಿದ್ಯೆಯಲ್ಲಿ ಮಾತ್ರ ಏನೂ ಮರೆಯುವುದಿಲ್ಲ.

ಪೂರ್ತಿ ಕೇಳಲೇ ಇಲ್ಲ. ಗಿರಾಕಿ ಇದ್ದರೋ ಏನೋ. ಇದು ದಿನಾ ಬರುವ ತಕರಾರು, ಯಂತ್ರ ಸಣ್ಣ ಚಿತ್ರಗಳನ್ನು ಒಂದು ಕಡೆ ಕೂಡಿಟ್ಟುಕೊಂಡಿರುತ್ತದೆ, ಅವು ಹಳೆಯವಾಗಿವೆ, ಅಳಿಸಿದರೆ ತಾನೇ ಹೊಸವು ಮಾಡಿಕೊಳ್ಳುತ್ತದೆ ಎಂದ. ಒಂದೊಂದೇ ಹೆಜ್ಜೆ ಹೇಳಿಕೊಟ್ಟ. ಕಾಗದದ ಮೇಲೆ ಬರೆದುಕೊಂಡೆ. ಡಿಸ್ಕ್ ಕ್ಲೀನಪ್. ಸಿ ಡ್ರೈವ್. ಪಟ್ಟಿಯಲ್ಲಿ ಥಂಬ್‌ನೇಲ್ ಎಂಬಲ್ಲಿ ಟಿಕ್. ಆಮೇಲೆ ಓಕೆ.

ಟಿಕ್ ಮಾಡಿದೆ. ಓಕೆಯ ಮೇಲೆ ಬಾಣ ತಂದೆ. ಹೋಗು, ಹಳೆಯ ಮಾಯೆಯೇ, ತೊಲಗು — ಎಂದು ಬೆರಳೆತ್ತಿದೆ...

ಕರೆಂಟ್ ಹೋಯಿತು.

ಕಂಬದ ಮೇಲೆ ಹತ್ತಿದವನನ್ನು ಮನಸಾರೆ ಬೈದೆ. ಸಂಜೆ ಐದರವರೆಗೆ ಬರುವುದಿಲ್ಲವಂತೆ. ನಾಳೆ ಮಾಡಿದರಾಯಿತು.

ಫೆಬ್ರವರಿ 7, ಮಧ್ಯಾಹ್ನ 1

ಊಟ ಆಮೇಲೆ, ಮೊದಲು ಇದನ್ನು ಬರೆಯುತ್ತೇನೆ.

ಮುಂಜಾನೆ ಮಾಲತೇಶ ತಾನೇ ಬಂದ. ಈ ಕಡೆ ಯಾರದೋ ಪ್ರಿಂಟರ್ ನೋಡಲು ಬಂದಿದ್ದನಂತೆ. ಓಕೆ ಒತ್ತುವ ಮೊದಲು ಒಮ್ಮೆ ನೋಡುತ್ತೇನೆ ಎಂದು ಕುಳಿತ. ದಳವಾಯಿ ಫೋಟೋ ಯಾವ ತಾರೀಕಿನದು ಎಂದು ತೆಗೆದ. ಮೂರು ವರ್ಷದ ಹಿಂದಿನದು. ಅಬಲೂರಿನ ಆಟದ ಮರುದಿನ.

ಅಬಲೂರು. ಇಸಾಕನಿಗೆ ಉಸಿರು ಕಟ್ಟತೊಡಗಿದ ವರ್ಷ. ದಳವಾಯಿಯ ವೇಷ ನಾನು ಕಟ್ಟಿದೆ. ಚಪ್ಪಾಳೆ ಬಿತ್ತು. ಫೋಟೋ ತೆಗೆಸಿಕೊಂಡೆ. ಮನೆಗೆ ಬಂದು ಕಂಪ್ಯೂಟರಿಗೆ ಹಾಕಿದೆ.

ಯಾವ ಹೆಸರಲ್ಲಿ ಹಾಕಿದ್ರಿ ಎಂದು ಕೇಳಿದ. ಯಾವ ಹೆಸರು? ದಳವಾಯಿ. ಇನ್ನೇನು. ನಮ್ಮ ಸಂಘದಲ್ಲಿ ಹೆಸರು ಪಾತ್ರಕ್ಕೆ, ಮನುಷ್ಯನಿಗಲ್ಲ. ವೇಷದ ಪೆಟ್ಟಿಗೆಯ ಮೇಲೆ ಚೀಟಿ — ರಾಣಿ, ಮಂತ್ರಿ, ದಳವಾಯಿ. ಮಾತಿನ ನೋಟ್‌ಬುಕ್ಕಿನ ಮೇಲೂ ಅದೇ. ಈ ವರ್ಷ ಯಾರು ಕಟ್ಟುತ್ತಾರೋ ಅವರು ಚೀಟಿ ನೋಡಿ ಎತ್ತಿಕೊಳ್ಳುತ್ತಾರೆ. ನಟ ಹೋಗುತ್ತಾನೆ, ಪಾತ್ರ ಉಳಿಯುತ್ತದೆ. ಅಪ್ಪ ಹೇಳಿಕೊಟ್ಟದ್ದು. ಫೋಟೋಗಳಿಗೂ ಹಾಗೇ ಮಾಡಿದೆ. ಹೊಸ ರಾಣಿ ಬಂದಾಗ ರಾಣಿ, ಹೊಸ ಮಂತ್ರಿ ಬಂದಾಗ ಮಂತ್ರಿ. ಪ್ರತಿ ಸಲ ಯಂತ್ರ ಇಂಗ್ಲಿಷಿನಲ್ಲಿ ಏನೋ ಕೇಳುತ್ತಿತ್ತು. ಪ್ರತಿ ಸಲ ಮೊದಲನೆಯದನ್ನು ಒತ್ತುತ್ತಿದ್ದೆ.

"ಮಾಸ್ತರ್, ಯಂತ್ರ ತಪ್ಪ ಮಾಡಿಲ್ರಿ. ಹಳೇದನ್ನ ತಗದು ಹೊಸಾದು ಇಡ್ಲೇನು ಅಂತ ಕೇಳೇತಿ. ನೀವು ಹೂಂ ಅಂದೀರಿ."

"ಹಂಗಾರ ಹಳೇದು ಕೆಳಗ ಐತಲ್ಲ?"

"ಇಲ್ರಿ. ನಿಮ್ಮ ಪರದೆ ಇದ್ದಂಗಲ್ಲ ಇದು, ಎತ್ತಿದ್ರ ಹಿಂದ ಇನ್ನೊಂದು ಇರಾಕ. ಹೋತದು. ಸಣ್ಣ ಚಿತ್ರ ಬದಲಿ ಮಾಡೋದನ್ನ ಯಂತ್ರ ಮರತೈತಿ. ಇಸಾಕಣ್ಣ ಅದರಾಗ ಅಷ್ಟ ಉಳದಾನ."

ನಿನ್ನೆ ಓಕೆ ಒತ್ತಿದ್ದರೆ ಎಂದು ಕೇಳಿದೆ. ಚಹಾದ ಕಪ್ಪು ಹಿಡಿದು ಕೆಳಗೆ ನೋಡಿದ. ಫೋನಿನಲ್ಲಿ ಹೇಳಿಕೊಟ್ಟವನು ಅವನೇ ಅಲ್ಲವೇ.

ಅಳಿಸಿದ್ದನ್ನು ಹುಡುಕುವ ಒಂದು ಸಾಫ್ಟ್‌ವೇರ್ ಹಾಕಿದ. ಎರಡು ತಾಸು ತಿರುಗಿತು. ಮಗಳ ಹಳೆಯ ಪ್ರಶ್ನೆಪತ್ರಿಕೆಗಳು ಸಿಕ್ಕವು. ಇಸಾಕ ಸಿಗಲಿಲ್ಲ.

ಗೆಳೆಯನ ಮುಖ ಅಳಿಸಿ ಆ ಜಾಗದಲ್ಲಿ ನನ್ನ ಮುಖ ಇಟ್ಟೆ. ಯಾವ ಖಳನ ಪಾತ್ರದಲ್ಲೂ ಇಂಥ ಕೆಲಸ ಮಾಡಿರಲಿಲ್ಲ.

ಕರೆಂಟ್ ತೆಗೆದ ಆ ಪುಣ್ಯಾತ್ಮನಿಗೆ ಬೈದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ.

ಫೆಬ್ರವರಿ 8

ಯಂತ್ರದ ಮೇಲೆ ಟವೆಲ್ ಹೊದಿಸಿದ್ದೇನೆ. ಮುಟ್ಟಲು ಭಯ.

ಫೆಬ್ರವರಿ 13, ಬೆಳಿಗ್ಗೆ

ಗೌಸಬಿ ಮತ್ತೆ ಫೋನ್ ಮಾಡಿದ್ದಳು. ಫೋಟೋ ಸಿಕ್ತೇನು ಎಂದಳು. ತೊಳೆಸಲು ಕೊಟ್ಟಿದ್ದೇನೆ ಎಂದೆ. ಈ ಕಾಲದಲ್ಲಿ ಫೋಟೋ ಯಾರು ತೊಳೆಸುತ್ತಾರೆ. ಸುಳ್ಳು ಹೇಳುವುದೂ ಹಳೆಯ ನಾಟಕದ ಮಾತಿನಲ್ಲೇ ಬಂತು.

ಮಾಲತೇಶ ದಿನಾ ಬರುತ್ತಾನೆ. ಮೊದಲು ಮೊಬೈಲಿನಿಂದ ಪರದೆಯ ಫೋಟೋ ತೆಗೆದ, ಗೆರೆಗೆರೆ ಬಂತು. ಆಮೇಲೆ ಸಣ್ಣ ಚಿತ್ರಗಳನ್ನು ಎಷ್ಟು ಹಿಗ್ಗಿಸಬಹುದೋ ಅಷ್ಟು ಹಿಗ್ಗಿಸಿ, ಕಂಪ್ಯೂಟರಿನಿಂದಲೇ ಪರದೆಯನ್ನು ಹಾಗೇ ಹಿಡಿದುಕೊಂಡ. ಮೂರು ಕಡೆ ಕಾಪಿ ಇಟ್ಟ. ಇಸ್ಪೀಟ್ ಎಲೆಯಷ್ಟು ದೊಡ್ಡದು ಬರುತ್ತದೆ, ಅದಕ್ಕಿಂತ ದೊಡ್ಡದಾದರೆ ಮುಖ ಕೌದಿಯ ತುಂಡುಗಳಂತೆ ಚೌಕ ಚೌಕ. ಇಸ್ಪೀಟ್ ಎಲೆಯಷ್ಟೇ ಪ್ರಿಂಟ್ ತೆಗೆಸಿದ. ನಾನು ಹೇಳಿ ನನ್ನದೂ ಒಂದು ತೆಗೆಸಿದೆ. ಮುಚ್ಚಿಡುವುದು ಬೇಡ. ಅಪರಾಧಿಯೂ ರಂಗದ ಮೇಲೆ ಬರಲಿ.

ಅಂಗಡಿಯ ಖರ್ಚು ಕೇಳಿದೆ. ದ್ವಾರಪಾಲಕನ ಆ ಒಂದು ಮಾತು ಮರೆತದ್ದನ್ನು ಇನ್ನು ಮೇಲೆ ಯಾರಿಗೂ ಹೇಳಬ್ಯಾಡ್ರಿ, ಸಾಕು ಎಂದ.

ಫೆಬ್ರವರಿ 20, ಬೆಳಿಗ್ಗೆ 6.30

ಹಾವೇರಿ ಬಸ್ಸಿಗೆ ಹೊರಟೆ. ಅಲ್ಲಿಂದ ಸವಣೂರು. ಕ್ಷಮೆ ಕೇಳಲು ಒಂದು ಪುಟದ ಮಾತು ಬರೆದು ಬಾಯಿಪಾಠ ಮಾಡಿದ್ದೇನೆ. ಮಧ್ಯದಲ್ಲಿ ಎರಡು ಕಡೆ ಗಂಟಲು ಕಟ್ಟಬೇಕು. ಮಂಜವ್ವ ಕೇಳಿಸಿಕೊಂಡಳು. "ಅಲ್ಲಿ ಹೋಗಿ ಇಷ್ಟ ದೊಡ್ಡ ದನಿ ತಗೀಬ್ಯಾಡ್ರಿ. ಕಣ್ಣ ಆಪರೇಶನ್ ಆಗೇತಿ, ಕಿವೀದಲ್ಲ" ಎಂದಳು.

ಫೆಬ್ರವರಿ 21, ಬೆಳಿಗ್ಗೆ 8

ನಿನ್ನೆಯದು.

ಗೌಸಬಿ ಅಂಗಳದಲ್ಲಿ ಕುಳಿತಿದ್ದಳು. ಹೊಸ ಚಸ್ಮಾ. ನನ್ನನ್ನು ನೋಡಿ, ಬಹಳ ಮುದುಕರಾಗೀರಿ ಅಣ್ಣಾರ, ಇಷ್ಟು ದಿನ ಮಸುಕಿನೊಳಗ ಚಂದ ಕಾಣತಿದ್ರಿ ಎಂದಳು. ನೀರು ಬಂತು, ಖಾರದ ತಿಂಡಿಯ ತಟ್ಟೆ ಬಂತು. ಫೋಟೋ ಎಂದು ಕೈ ಚಾಚಿದಳು.

ಒಂದು ಪುಟದ ಮಾತು ಎಲ್ಲಿ ಹೋಯಿತೋ. "ಭಾಬಿ, ದೊಡ್ಡದು ಇಲ್ಲ. ನಾನ ಅಳಿಸೇನಿ. ನನ್ನ ಫೋಟೋ ಅದರ ಮ್ಯಾಲ ಹಾಕಿಬಿಟ್ಟೆ. ಇಷ್ಟ ಉಳದೈತಿ." ಅಷ್ಟೇ ಬಂತು. ಗಂಟಲು ಕಟ್ಟಬೇಕಾದಲ್ಲಿ ಕಟ್ಟಲಿಲ್ಲ, ಬೇರೆ ಕಡೆ ಕಟ್ಟಿತು.

ಅವಳು ಇಸ್ಪೀಟ್ ಎಲೆಯಷ್ಟಿದ್ದ ಆ ಫೋಟೋವನ್ನು ಬಿಸಿಲಿಗೆ ಹಿಡಿದಳು. ಹತ್ತಿರ ತಂದಳು, ದೂರ ಹಿಡಿದಳು. ಬಹಳ ಹೊತ್ತು. ಮೀಸೆಯ ಮೇಲೆ ಬೆರಳು ಆಡಿಸಿದಳು. ಹಾನಗಲ್ ಸಂತೆಯಿಂದ ಬಂದ ದಿನ ಕಿವಿಯ ಹಿಂದೆ ಬಣ್ಣ ಉಳಿದಿರುತ್ತಿತ್ತು, ಒದ್ದೆ ಸೆರಗಿನಿಂದ ನಾನೇ ಒರೆಸುತ್ತಿದ್ದೆ, ಯಾವತ್ತೂ ಇದೇನು ಅಂತ ಕೇಳಲಿಲ್ಲ ಎಂದಳು.

ಆಮೇಲೆ ಬೆರಳು ಕೆಳಗಿಳಿಯಿತು. ನಿಂತಿತು.

"ನಡಕ್ಕ ಕಟ್ಟಿದ್ದು... ಇದು ನಂದು."

ಅವಳ ಮದುವೆಯ ಓಢಣಿ, ತಲೆಗೆ ಹೊದೆಯುವ ವಸ್ತ್ರ. ಪೆಟ್ಟಿಗೆಯಿಂದ ಕಾಣೆಯಾಗಿ ಹನ್ನೊಂದು ವರ್ಷವಾಗಿತ್ತಂತೆ. ಪಕ್ಕದ ಮನೆಯಲ್ಲಿರುವ ನೆಗೆಣ್ಣಿ ಚಮನಬಿ, ಇಸಾಕನ ಅಣ್ಣನ ಹೆಂಡತಿ, ಅವಳೇ ತೆಗೆದಳೆಂದು ಇವಳ ಗುಮಾನಿ. ಅಂದಿನಿಂದ ಇಬ್ಬರಿಗೂ ನೆಟ್ಟಗೆ ಮಾತಿಲ್ಲ. ಇಸಾಕ ಎಲ್ಲ ಕಂಡೂ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ದಳವಾಯಿಯ ಗುಟ್ಟು ಅಣ್ಣನ ಮನೆಗೆ ಮುಟ್ಟುತ್ತಿತ್ತಲ್ಲ.

ಗೌಸಬಿ ಎದ್ದು ಗೋಡೆಯ ಹತ್ತಿರ ಹೋದಳು.

"ಚಮನಬಿ, ಬಾ ಇಲ್ಲಿ. ಕಳ್ಳ ಸಿಕ್ಕಾನ."

ಚಮನಬಿ ಹಿಟ್ಟಿನ ಕೈಯಲ್ಲೇ ಬಂದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಆ ಇಸ್ಪೀಟ್ ಎಲೆ ನೋಡಿದರು. ಅವರ ಮಾತು ಉರ್ದುವಿನಲ್ಲಿ ನಡೆಯಿತು, ನನಗೆ ತಿಳಿದಷ್ಟು ಇಷ್ಟು: ಹನ್ನೊಂದು ವರ್ಷ ನನ್ನನ್ನು ಕಳ್ಳಿ ಅಂದೆ ಎಂದು ಚಮನಬಿ. ಬಾಯಿಂದ ಒಮ್ಮೆಯೂ ಅಂದಿಲ್ಲ ಎಂದು ಗೌಸಬಿ. ಬಾಯಿಂದ ಅಂದಿದ್ದರೆ ಜಗಳಾಡಿ ಮುಗಿಸುತ್ತಿದ್ದೆ ಎಂದು ಚಮನಬಿ. ಆಮೇಲೆ ಇಬ್ಬರೂ ನಕ್ಕರು, ಗೌಸಬಿ ಚಸ್ಮಾ ತೆಗೆದು ಕಣ್ಣೊರೆಸಿದಳು, ಕಣ್ಣು ಉಜ್ಜಬೇಡ, ಡಾಕ್ಟರ್ ಹೇಳಿಲ್ಲವೇ ಎಂದು ಚಮನಬಿ ಹಿಟ್ಟಿನ ಕೈಯಲ್ಲೇ ಅವಳ ಕೈ ಹಿಡಿದಳು.

ನಾನು ಖಾರ ತಿನ್ನುತ್ತ ಕುಳಿತೆ. ನನಗೆ ಆ ದೃಶ್ಯದಲ್ಲಿ ಮಾತಿರಲಿಲ್ಲ.

ಹೊರಡುವಾಗ ನನ್ನ ಫೋಟೋವನ್ನೂ ಕೇಳಿದಳು. ಕೊಟ್ಟೆ. ಎರಡನ್ನೂ ಜೋಡಿಸಿ ಹಿಡಿದಳು. ಬೈಯುತ್ತಾಳೆ ಎಂದುಕೊಂಡೆ.

"ಅಣ್ಣಾರ, ನಿಮಗ ಓಢಣಿ ಕಟ್ಟಾಕ ಬರಂಗಿಲ್ಲ. ಗಂಟು ನೋಡ್ರಿ, ಎತ್ತಿಗೆ ಹಗ್ಗ ಬಿಗದಂಗ ಬಿಗದೀರಿ."

ಓಢಣಿ ನನ್ನ ಹತ್ತಿರ ವೇಷದ ಪೆಟ್ಟಿಗೆಯಲ್ಲೇ ಇದೆ, ತಂದುಕೊಡುತ್ತೇನೆ ಎಂದೆ. ತೊಳೀಬ್ಯಾಡ್ರಿ ಎಂದಳು. ಅದೊಂದೇ ಕೇಳಿದ್ದು.

ಫೆಬ್ರವರಿ 23, ಬೆಳಿಗ್ಗೆ 6

ಸವಣೂರಿಗೆ ಇನ್ನೊಂದು ಪ್ರಯಾಣ. ಬಸ್ಸಿಗೆ ಅರ್ಧ ತಾಸಿದೆ.

ನಿನ್ನೆಯೆಲ್ಲ ಕಂಪ್ಯೂಟರಿನಲ್ಲಿ ಹೆಸರು ಬದಲಿಸಿದೆ. ಮಾಲತೇಶ ಉಳಿಸಿಕೊಟ್ಟ ಸಣ್ಣ ಚಿತ್ರಕ್ಕೆ ‘ಇಸಾಕ, ಸವಣೂರು’. ನನ್ನ ದೊಡ್ಡದಕ್ಕೆ ‘ಗುತ್ತೆಪ್ಪ, ಹಿರೇಕೆರೂರು’. ಈಗ ದಳವಾಯಿ ಎಂಬ ಹೆಸರಿನ ಫೋಟೋ ಯಾವುದೂ ಇಲ್ಲ. ಅಪ್ಪ ಇದ್ದಿದ್ದರೆ ಒಪ್ಪುತ್ತಿರಲಿಲ್ಲ. ಇರಲಿ.

ಈಗ ದಳವಾಯಿಯ ಪೆಟ್ಟಿಗೆ ತೆಗೆದೆ. ರುಮಾಲು, ಕತ್ತಿಯ ಒರೆ, ಕೆಳಗೆ ಓಢಣಿ. ನಾನು ಬಿಗಿದ ಗಂಟು ಹಾಗೇ ಇದೆ, ಕಳೆದ ಆಟದಲ್ಲಿ ಬಿಚ್ಚದೇ ಕಾಲಿನಿಂದ ಜಾರಿಸಿ ತೆಗೆದಿದ್ದೆ. ಬಿಚ್ಚಿದೆ. ಉಗುರು ಮುರಿಯಿತು. ಮಡಚಲು ಹರವಿದೆ.

ತುದಿಯಲ್ಲಿ ಇನ್ನೊಂದು ಗಂಟು. ಸಣ್ಣದು, ಕಡಲೆಕಾಳಿನಷ್ಟು. ಅಚ್ಚುಕಟ್ಟು. ಇದು ನನ್ನದಲ್ಲ. ಮೂರು ವರ್ಷ ನಡುವಿಗೆ ಕಟ್ಟಿಕೊಂಡು ಮೆರೆದೆ, ಕಣ್ಣಿಗೆ ಬಿದ್ದಿರಲಿಲ್ಲ. ಮೂಗಿಗೆ ಹಿಡಿದೆ. ಬಣ್ಣದ ವಾಸನೆ, ಅದರ ಕೆಳಗೆ...

ಲವಂಗ.

ಇಸಾಕನ ಗಂಟು, ನಾನು ಬಿಚ್ಚುವುದಿಲ್ಲ. ಬಿಚ್ಚಬೇಕಾದವಳು ಅಂಗಳದಲ್ಲಿ ಚಸ್ಮಾ ಹಾಕಿಕೊಂಡು ಕಾಯುತ್ತಿದ್ದಾಳೆ. ಮಂಜವ್ವ ಕೂಗುತ್ತಿದ್ದಾಳೆ, ಬಸ್ಸು ತಿರುವಿನಲ್ಲಿ ಹಾರ್ನ್ —