ಬಾಣಂತಿ ಸೀರೆಯ ತುಂಡು

ಗುಂಡ್ಲುಪೇಟೆ
ಜನವರಿ ೧೨

ಶ್ರೀಮತಿ ವಿಶಾಲಾಕ್ಷಿ ಅವರಿಗೆ ನಮಸ್ಕಾರ.

ಚಾಮರಾಜನಗರದ ಕೌದಿ ಸ್ಪರ್ಧೆಯಲ್ಲಿ ತೀರ್ಪುಗಾರರಾಗಿ ನೀವು ಹೇಳಿದ ಮೊದಲ ಮಾತು ಸರಿ. ನನ್ನ ಕೌದಿಯ ಅಂಚು ಸಡಿಲವಾಗಿದೆ. ಮುಗಿಸುವ ಆತುರದಲ್ಲಿ ದೂರ ದೂರ ಹೊಲಿಗೆ ಹಾಕಿದ್ದೇನೆ. ಬಿಚ್ಚಿ ಮತ್ತೆ ಹೊಲಿಯುತ್ತೇನೆ.

ಎರಡನೆಯ ಮಾತು ಹಾಗಲ್ಲ. ನಡುವೆ ಹಳದಿ ಕಲೆಯಿರುವ ತುಂಡು ಎಲ್ಲಿಯದೆಂದು ಕೇಳಿದಿರಿ. ನನ್ನ ತಂಗಿಯ ಮಗಳು ತೇಜಸ್ವಿನಿಯ ಬಾಣಂತಿ ಸೀರೆಯದು, ಅವಳ ಮಗುವಿಗೆಂದೇ ಹೊಲಿದ ಕೌದಿ ಎಂದೆ. ಹಿಡಿದಿದ್ದ ಅಂಚನ್ನು ಬಿಟ್ಟು ಕರವಸ್ತ್ರಕ್ಕೆ ಕೈ ಒರೆಸಿಕೊಂಡಿರಿ. "ಮೈಲಿಗೆ ಬಟ್ಟೆ ನೋಡಿ, ಅತಿಥಿಗಳು ಮುಟ್ಟೋದು. ಅದನ್ನ ತೆಗೆದು ರೇಷ್ಮೆ ತುಂಡು ಹಾಕಿದ್ರೆ ಮೈಸೂರಿನ ಪ್ರದರ್ಶನಕ್ಕೆ ಕಳಿಸ್ತೀನಿ" ಎಂದಿರಿ. ಮಗುವನ್ನು ಎತ್ತಿಕೊಂಡು ಪಕ್ಕದಲ್ಲೇ ನಿಂತಿದ್ದವಳು ತೇಜಸ್ವಿನಿ.

ಬಸ್ಸಿನಲ್ಲಿ ಅವಳು, "ಕಿತ್ತಾಕ್ಬುಡು ದೊಡ್ಡಮ್ಮ, ನಂಗೇ ಒಂಥರಾ ಆಯ್ತದೆ" ಎಂದಳು. ಮಗುವಿಗೆ ಮೆತ್ತಗಿರುತ್ತದೆಂದು ಆ ಸೀರೆಯನ್ನು ಆರಿಸಿ ಕೊಟ್ಟವಳೇ ಅವಳು. ಒಂದು ಮಧ್ಯಾಹ್ನದಲ್ಲಿ ಅವಳಿಗೆ ತನ್ನ ಮೈಯ ಅರಿಶಿನದ ಮೇಲೇ ಹೇಸಿಗೆ ಹುಟ್ಟಿತು. ನನಗೆ ಹೇಸಿಗೆಯಾದದ್ದು ಅದಕ್ಕೆ.

ಮೈಸೂರಿಗೆ ಕಳಿಸಬೇಡಿ. ಇಲ್ಲಿ ಚಳಿ ಜೋರಾಗಿದೆ, ಕೌದಿ ಮಗುವಿಗೆ ಬೇಕು. ನಿಮ್ಮಲ್ಲೇ ಉಳಿದಿರುವ ಅದನ್ನು ಹಾಗೇ ಮಡಿಸಿ ಗುಂಡ್ಲುಪೇಟೆಯ ಬಸ್ಸಿಗೆ ಹಾಕಿಸಿ, ನಿಲ್ದಾಣದಲ್ಲಿ ಇಳಿಸಿಕೊಳ್ಳುತ್ತೇನೆ. ಒಗೆಸುವುದು ಬೇಡ.

ಮಡಿಸಲು ನಿಮ್ಮವರು ಹಿಂಜರಿದರೆ ತಿಳಿಸಿ, ನಾನೇ ಬರುತ್ತೇನೆ. ತೇಜಸ್ವಿನಿಯನ್ನೂ ಕರೆತರುತ್ತೇನೆ. ನಿಮ್ಮ ಮೇಜಿನ ಮೇಲೇ ಕೌದಿ ಹರಡಿ, ಮಗುವನ್ನು ಅದರಲ್ಲಿ ಸುತ್ತಿಕೊಂಡು ಹೋಗುತ್ತೇವೆ.

ಇತಿ,
ಸುಧಾಮಣಿ