ನವೆಂಬರ್ ಇಪ್ಪತ್ತೆಂಟಕ್ಕೆ ಪ್ರಾಸ ಸಿಗಲಿಲ್ಲ

ಡ್ರಮ್‌ಕೀಲ್, ಕ್ಲೇರ್
ಸೆಪ್ಟೆಂಬರ್ ೩೦, ಮಂಗಳವಾರ

ಪ್ರೀತಿಯ ಓನಾ,

ಸ್ಲೈಗೋದ ಜನರಿಗೆಲ್ಲ ಕನ್ನಡಕ ತೊಡಿಸಿ ಆ ಊರನ್ನು ಅವರಿಗೆ ಸ್ಪಷ್ಟವಾಗಿ ತೋರಿಸುತ್ತಿರುವ ನನ್ನ ಮಗಳಿಗೆ, ಇಲ್ಲಿ ನಾವು ಮಸುಕುಮಸುಕಾಗಿ ಕ್ಷೇಮ. ನಿನ್ನ ಕಾರ್ಡು ಬಂದು ತಿಂಗಳ ಮೇಲಾಯಿತು. ಅಮ್ಮ ಅದನ್ನು ಬ್ರೆಡ್ಡಿನ ಡಬ್ಬಿಗೆ ಒರಗಿಸಿಟ್ಟಿದ್ದಾಳೆ. ಬೆಳಿಗ್ಗೆ ಡಬ್ಬಿ ತೆರೆದಾಗಲೆಲ್ಲ ಅದು ಬೀಳುತ್ತದೆ, ಅವಳು ಎತ್ತಿ, ಒಮ್ಮೆ ಓದಿ, ಮತ್ತೆ ಅಲ್ಲೇ ನಿಲ್ಲಿಸುತ್ತಾಳೆ. ಬೇರೆ ಕಡೆ ಇಡು ಎಂದರೆ ಕೇಳುವುದಿಲ್ಲ.

ಉತ್ತರ ತಡವಾದದ್ದಕ್ಕೆ ನಾನು ಓಡಿಸುವ ಶಾಲೆಯ ಬಸ್ಸಿನ ಗೇರ್‌ಬಾಕ್ಸನ್ನು ದೂರಬಹುದಿತ್ತು, ಪಾಪ, ಅದಕ್ಕೆ ಬಾಯಿಲ್ಲ. ನಿಜ ಹೇಳಬೇಕೆಂದರೆ ಈ ಕಾಗದವನ್ನು ಹಲವು ಸಲ ಶುರು ಮಾಡಿ ಒಲೆಗೆ ಹಾಕಿದೆ. ಒಲೆ ಚೆನ್ನಾಗಿ ಉರಿಯಿತು, ಅಷ್ಟೇ ಲಾಭ. ಫೋನಿನಲ್ಲೇ ಕೇಳಬಹುದಲ್ಲ ಎನ್ನಬೇಡ. ನಾನು ಫೋನು ಮಾಡಿದರೆ ನೀನು ಎತ್ತುವುದಿಲ್ಲ, ಆಮೇಲೆ ಎರಡು ಸಾಲು ಬರೆದು ಕಳಿಸುತ್ತೀಯ. ಮಗಳು ಬರೆಯುವಾಗ ಅಪ್ಪ ಮಾತಾಡುವುದು ನ್ಯಾಯವಲ್ಲ.

ಮೊದಲು ಸುದ್ದಿ. ಮೋಸಿಯ ಪಬ್ಬಿನ ಹಿಂದಿನ ಕೋಣೆಯಲ್ಲಿ ನಮ್ಮ ಹಾಡಿನ ಶುಕ್ರವಾರಗಳು ಮತ್ತೆ ಶುರುವಾಗುತ್ತಿವೆ. ಬೇಸಿಗೆಯಲ್ಲಿ ಮೋಸಿ ಗೋಡೆಗೆ ಬಣ್ಣ ಹೊಡೆಸಿದ. ಯಾವ ಬಣ್ಣ ಎಂದು ಕೇಳಿದರೆ "ಕೆನೆ ಬಣ್ಣ" ಎನ್ನುತ್ತಾನೆ. ಕೆಟ್ಟುಹೋದ ಕೆನೆ ಇರಬೇಕು. ಎಂದಿನಂತೆ ಭಿತ್ತಿಪತ್ರದ ಪ್ರಾಸಗಳು ನನ್ನವೇ. ಅಕ್ಟೋಬರ್ ಹತ್ತಕ್ಕೆ ಆ ಹಾರ್ಪಿನ ಹೆಂಗಸು ಬರುತ್ತಾಳೆ. ಹೋದ ಸಲ ಅವಳ ಆಳೆತ್ತರದ ಹಾರ್ಪು ಪಾಯಿಖಾನೆಯ ಓಣಿಯಲ್ಲಿ ಸಿಕ್ಕಿಕೊಂಡು, ಅರ್ಧ ಸಭೆ ಕಾಲು ಹೆಣೆದುಕೊಂಡು ಕೂತು ಸಂಗೀತ ಕೇಳಬೇಕಾಯಿತಲ್ಲ, ಅದಕ್ಕೇ ಹೀಗೆ ಬರೆದೆ:

ಹಾರ್ಪು ಬರುತ್ತದೆ ತಿಂಗಳ ಹತ್ತಕ್ಕೆ,
ದಾರಿ ಬಿಡಿ ದಯವಿಟ್ಟು ಅದರ ಸುತ್ತಕ್ಕೆ.

ತಿಂಗಳ ಕೊನೆಗೆ ಕೀಗನ್ ಅಣ್ಣತಮ್ಮಂದಿರು. ಒಂದೇ ವ್ಯಾನಿನಲ್ಲಿ ಬರುತ್ತಾರೆ, ಒಂದೇ ಶ್ರುತಿಯಲ್ಲಿ ನುಡಿಸುತ್ತಾರೆ, ಅಪ್ಪನ ಹೊಲದ ವಿಚಾರಕ್ಕೆ ಮಾತು ಬಿಟ್ಟು ಮೂವತ್ತು ವರ್ಷವಾಯಿತು. ಅವರಿಗೆ ಬರೆದದ್ದು:

ಅಣ್ಣನದೊಂದು ಪಿಟೀಲು, ತಮ್ಮನದೊಂದು ಪಿಟೀಲು,
ನಡುವೆ ಮೂವತ್ತು ವರ್ಷದ ಮುಚ್ಚಿದ ಬಾಗಿಲು.

"ಇದನ್ನ ಗೋಡೆ ಮೇಲೆ ಅಂಟಿಸ್ತೀಯಾ? ಮಾನ ಮರ್ಯಾದೆ ಇಲ್ವಾ ನಿಂಗೆ?" ಎಂದು ಅಮ್ಮ ಬೈದಳು. ಅಂಟಿಸಿದೆ. ಅಣ್ಣ ಬಂದು ಓದಿ ನಕ್ಕನಂತೆ. ತಮ್ಮನೂ ಬಂದು ಓದಿ ನಕ್ಕನಂತೆ. ಬೇರೆ ಬೇರೆ ದಿನ.

ಡೆಲಿಯಾ ಅಜ್ಜಿಗೆ ಹೊಸ ಹಲ್ಲಿನ ಸೆಟ್ಟು ಬಂದಿದೆ. ನಿನ್ನನ್ನು ವಿಚಾರಿಸಿದಳು. "ಆ ಹುಡುಗಿಗೆ ಹೇಳು, ಹಲ್ಲು ನನ್ನವಲ್ಲ, ಆದ್ರೂ ಕಚ್ತೀನಿ" ಎಂದಳು. ಅದು ಆಶೀರ್ವಾದವೋ ಬೆದರಿಕೆಯೋ ನನಗೆ ತಿಳಿಯಲಿಲ್ಲ, ಹೇಗಿದೆಯೋ ಹಾಗೆ ತಲುಪಿಸಿದ್ದೇನೆ.

ಇನ್ನು ನವೆಂಬರ್ ಇಪ್ಪತ್ತೆಂಟು. ಆ ದಿನದ ಸಾಲು ಭಿತ್ತಿಪತ್ರದಲ್ಲಿ ಬರೀ ಹೆಸರು. ಕೀರಾ, ಡೆರಿ ಪಟ್ಟಣದವಳು, ಹಾಡುಗಾರ್ತಿ. ಪ್ರಾಸ ಹತ್ತಲಿಲ್ಲ. ಇಷ್ಟು ವರ್ಷದಲ್ಲಿ ಇದೇ ಮೊದಲು.

ಆಗಸ್ಟಿನಲ್ಲಿ ಅವಳು ಫೋನು ಮಾಡಿದ್ದಳು. ನಿನಗಿಂತ ಒಂದೆರಡು ವರ್ಷಕ್ಕೆ ದೊಡ್ಡವಳಿರಬೇಕು. ಊಟ ಎಲ್ಲಿ, ಮಲಗುವುದೆಲ್ಲಿ ಎಲ್ಲ ಮಾತಾಡಿ ಮುಗಿದ ಮೇಲೆ, "ಲೋರ್ಕನ್ ಅವರೇ, ಇನ್ನೊಂದು ಮಾತು. 'ಏಳನೆಯ ಅಲೆ' ನಿಮ್ಮ ಕೋಣೆಯ ಹಾಡಲ್ವಾ? ನೆಟ್ಟಲ್ಲಿ ಯಾರೋ ಹಾಕಿದ್ದ ರೆಕಾರ್ಡಿಂಗ್ ಕೇಳಿ ಕಲಿತೆ. ಯಾರ ಹಾಡು ಅದು? ಕೇಳದೆ ಹಾಡಿದ್ರೆ ನಮ್ಮಮ್ಮ ನನ್ನ ಕಾಲು ಮುರೀತಾಳೆ" ಎಂದಳು.

"ನನ್ನ ಮಗಳದು" ಎಂದೆ.

"ಅಯ್ಯೋ, ಹಾಗಾದ್ರೆ ಅವರೇ ಹಾಡ್ಲಿ! ನಾನು ಪಲ್ಲವಿಗೆ ಸೇರಿಕೊಳ್ತೀನಿ."

ಹೇಳಲೇಬೇಕಾಯಿತು. ನಿನ್ನ ಕುತ್ತಿಗೆಯ ಗಡ್ಡೆಯ ವಿಷಯ, ಅದು ದನಿಯ ನರಕ್ಕೇ ಬಳ್ಳಿಯಂತೆ ಹಬ್ಬಿದ್ದು, ಎರಡರಲ್ಲಿ ಒಂದನ್ನೇ ಉಳಿಸಬಹುದಾಗಿದ್ದದ್ದು, ಡಾಕ್ಟರು ನಿನ್ನನ್ನು ಉಳಿಸಿದ್ದು. ಅವಳು, "ಬೇಡ ಬಿಡಿ, ಕೇಳಿದ್ದೇ ತಪ್ಪಾಯ್ತು" ಎಂದಳು. ಒಳ್ಳೆಯ ಹುಡುಗಿ. ಅವಳು ಒಳ್ಳೆಯವಳಾಗಿರದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಅಲ್ಲಿಗೇ ಬಿಡಬಹುದಿತ್ತು. ಆದರೆ ನಾನು ಮಾತಾಡಿದ್ದು ಮೋಸಿಯ ಗಲ್ಲಾದ ಪಕ್ಕ ನಿಂತು. ಅಲ್ಲಿ ಆಡಿದ್ದನ್ನು ಚರ್ಚಿನಲ್ಲಿ ಮತ್ತೆ ಹೇಳುವ ಅಗತ್ಯವಿಲ್ಲ.

ಮೋಸಿ ಗ್ಲಾಸು ಒರೆಸುತ್ತ, "ಹಾಡು ಅಂದ್ರೆ ಬಾವಿ ಇದ್ದಂಗೆ ಕಣಯ್ಯ. ಸೇದದೆ ಬಿಟ್ರೆ ಪಾಚಿ ಕಟ್ಟುತ್ತೆ. ಓನಾ ಕೈಲಿ ಕೊಡಿಸು" ಎಂದ.

ಒಲೆಯ ಹತ್ತಿರ ಕೂತಿದ್ದ ಡೆಲಿಯಾ ತಿರುಗಿಯೂ ನೋಡಲಿಲ್ಲ. "ನಿನ್ನ ಬಿಯರ್ ಪೈಪಿಗೇ ಪಾಚಿ ಕಟ್ಟಿದೆ, ಮೊದ್ಲು ಅದನ್ನ ತೊಳಿ ಹೋಗು. ಆ ಹಾಡು ಅವಳಿಗೆ ಹೋಗಿದ್ದು ನನ್ನ ಕೈಯಿಂದ. ನಾನು ಹಾಡೀ ಹಾಡೀ ಸಾಕಾಗಿ ಕೊಟ್ಟೆ. ಆ ಮಗೂಗೆ ಸಾಕಾಗಿಲ್ಲ. ಊಟ ಮಾಡ್ತಿರೋರ ತಟ್ಟೆ ಎತ್ತಬಾರದು ಮೋಸಿ."

ಅವಳು ಕೊಟ್ಟ ದಿನ ನಿನಗೆ ನೆನಪಿದೆಯೇ? ನಿನಗೆ ಹನ್ನೆರಡು. ಕೋಣೆಯ ನಡುವೆ ನಿನ್ನ ಕೈ ಹಿಡಿದು, "ಇದು ಇನ್ಮೇಲೆ ನಿಂದು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಅಂದಿನಿಂದ ಡೆಲಿಯಾ ಆ ಹಾಡನ್ನು ಬಟ್ಟೆ ಒಗೆಯುವಾಗಲೂ ಗುನುಗಿಲ್ಲ. ಕೊಟ್ಟ ಮೇಲೆ ಮುಗಿಯಿತು. ಅದಕ್ಕೇ ನಿನ್ನನ್ನು ಕೇಳಲು ನನ್ನ ಕೈ ಬರುತ್ತಿಲ್ಲ. ನೀನು ಹಾಡದಿದ್ದರೂ ಹಾಡು ನಿನ್ನದು ಎನ್ನುವುದೊಂದು ಉಳಿದಿತ್ತು. ಕೊಟ್ಟರೆ ಅದೂ ಇಲ್ಲ.

ಅಮ್ಮನಿಗೆ ಹೇಳಿದೆ. ಆಲೂಗಡ್ಡೆ ಸುಲಿಯುತ್ತಿದ್ದವಳು ಚಾಕು ಕೆಳಗಿಟ್ಟಳು. "ಕೇಳ್ಬೇಡ ಲೋರ್ಕನ್. ಅವಳ ಕೈಲೇ ಬಾಗಿಲು ಹಾಕಿಸ್ತೀಯಾ?"

"ಹಾಡು ಹಾಗೇ ಸತ್ತು ಹೋಗ್ಲಾ?"

"ಹೋಗ್ಲಿ. ನಂಗೆ ಮಗಳು ಮುಖ್ಯ. ಹಾಡು ಯಾರಿಗೆ ಬೇಕು?"

ಅದನ್ನು ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ.

ಮಗಳೇ, ನಾನು ಬಹಳ ದಿನದಿಂದ ಏಪ್ರಿಲ್‌ನ ಆ ಶುಕ್ರವಾರವನ್ನು ತಿರುವಿ ಹಾಕುತ್ತಿದ್ದೇನೆ. ನೀನು ಎಂದಿನಂತೆ ಬಾಗಿಲಲ್ಲಿ ಕೂತು ಟಿಕೆಟ್ಟು ಹರಿಯುತ್ತಿದ್ದೆ. ಡಬ್ಲಿನ್ನಿನಿಂದ ಬಂದಿದ್ದ ಆ ಬೋಳುತಲೆಯವನು ಹಾಡಿ ಮುಗಿಸಿದ. ಹಾಡಿದವನಿಗೆ ಮುಂದಿನವರನ್ನು ಕರೆಯುವ ಹಕ್ಕು, ಕರೆದವರು ಒಲ್ಲೆ ಎನ್ನುವ ಹಾಗಿಲ್ಲ. ಅವನು ಖುಷಿಯಲ್ಲಿ ಕೈ ಚಾಚಿ, "ಬಾಗಿಲಲ್ಲಿ ಕೂತಿರೋ ಆ ಚೆಂದದ ಹುಡುಗಿ!" ಎಂದ. ಪಾಪ, ಅವನಿಗೆ ಯಾರೂ ಹೇಳಿರಲಿಲ್ಲ. ಯಾರೂ ಯಾರಿಗೂ ಹೇಳುವುದಿಲ್ಲವಲ್ಲ, ಅದೇ ನಮ್ಮ ಮರ್ಯಾದೆ. ಇಡೀ ಕೋಣೆ ತನ್ನ ತನ್ನ ಬೂಟು ನೋಡಿಕೊಂಡಿತು. ನೀನು ಎದ್ದು ನಿಂತು, ಒಡಕು ದನಿಯಲ್ಲಿ, "ನನ್ನ ಹತ್ರ ಇರೋದು ಹರಿದ ಟಿಕೆಟ್ಟು. ಬೇಕಾದ್ರೆ ಅದನ್ನೇ ಓದ್ತೀನಿ" ಎಂದೆ. ತಮಾಷೆಯಾಗಿತ್ತು. ನಿಜಕ್ಕೂ ತಮಾಷೆಯಾಗಿತ್ತು, ಓನಾ. ಒಬ್ಬರಾದರೂ ನಕ್ಕಿದ್ದರೆ ನೀನು ಇಲ್ಲೇ ಇರುತ್ತಿದ್ದೆಯೋ ಏನೋ. ಎಲ್ಲರೂ ಕಣ್ಣೊರೆಸಿಕೊಂಡರು.

ಮರುವಾರ ನೀನು ಪೆಟ್ಟಿಗೆ ಕಟ್ಟುತ್ತ ಅಮ್ಮನಿಗೆ ಹೇಳಿದ್ದು ನನಗೂ ಕೇಳಿಸಿತು. ಮನೆ ಸಣ್ಣದು. "ಸತ್ತವರ ಹಾಡನ್ನಾದ್ರೂ ನೀವು ಹಂಚಿಕೊಂಡು ಹಾಡ್ತೀರಿ. ನಾನು ಬದುಕಿದೀನಿ ಅಂತ ನನ್ನ ಹಾಡನ್ನ ಹೂತು ಹಾಕಿದೀರಿ. ಪ್ರತಿ ಶುಕ್ರವಾರ ಅದರ ಗೋರಿ ಪಕ್ಕ ಟಿಕೆಟ್ಟು ಹರೀಬೇಕು ನಾನು."

ಒಡೆಯರು ಕೋಣೆಯಲ್ಲಿರುವಾಗ ಅವರ ಹಾಡನ್ನು ಇನ್ನೊಬ್ಬರು ಹಾಡಬಾರದು. ನಮ್ಮಜ್ಜನ ಕಾಲದಿಂದಲೂ ಅದು ಗೌರವ. ನೀನು ಹೋದ ಮೇಲೂ ಯಾರೂ ಹಾಡುತ್ತಿಲ್ಲ. ಯಾವುದಾದರೂ ಹಾಡು ಆ ರಾಗದ ಹತ್ತಿರ ಸುಳಿದರೆ ಸಾಕು, ಎಲ್ಲರ ಕಣ್ಣು ಬಾಗಿಲ ಕಡೆಗೆ. ಅಲ್ಲಿ ಈಗ ಮೋಸಿಯ ಹೆಂಡತಿ ಕೂತಿರುತ್ತಾಳೆ. "ನನ್ನನ್ಯಾಕೆ ಹಂಗೆ ನೋಡ್ತೀರಿ, ನಾನೇನು ಸತ್ತಿದೀನಾ?" ಎಂದು ಅವಳು ಹೋದ ಸಲ ಕೇಳಿಯೇಬಿಟ್ಟಳು.

ಆದ್ದರಿಂದ ಅಮ್ಮನಿಗೆ ತಿಳಿಸದೆ ಕೇಳುತ್ತಿದ್ದೇನೆ. ಕೊಡು ಎಂದು ಕೇಳುತ್ತಿಲ್ಲ. ಬಾ ಎಂದು ಕೇಳುತ್ತಿದ್ದೇನೆ. ಹಾಡು ಕೊಡುವುದು ಕಾಗದದಲ್ಲಿ ಆಗುವ ಕೆಲಸವಲ್ಲ, ನಿನಗೆ ಗೊತ್ತು. ಕೊಡುವ ಮನಸ್ಸಿದ್ದರೆ ಕೋಣೆಯ ನಡುವೆ ನಿಂತು ನಿನ್ನ ಬಾಯಿಂದ ಕೊಡು. ಮನಸ್ಸಿಲ್ಲದಿದ್ದರೆ, "ಇಲ್ಲ, ಇದು ನಂದು" ಎಂದು ಅದೇ ಬಾಯಿಂದ ಹೇಳು. ಆ ಒಡಕು ದನಿಯಲ್ಲೇ ಹೇಳು. ಯಾರಾದರೂ ಮರುಕದ ಮುಖ ಮಾಡಿದರೆ ನನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಊರಾಚೆ ಇಳಿಸಿ ಬರುತ್ತೇನೆ. ನೀನು ಇಲ್ಲ ಎಂದರೆ ಕೀರಾ ಬೇರೆ ಹಾಡು ಹಾಡುತ್ತಾಳೆ, ಬೇಜಾರು ಮಾಡಿಕೊಳ್ಳುವವಳಲ್ಲ. ನಿನಗೆ ಬರಲಾಗದಿದ್ದರೆ ಆ ಶುಕ್ರವಾರವೂ ಬಾಯಿ ಮುಚ್ಚಿಕೊಂಡು ಕಳೆಯುತ್ತೇವೆ, ಅದು ನಮಗೆ ಅಭ್ಯಾಸವಾಗಿದೆ.

ಪ್ರಾಸ ಹುಡುಕುವವನಿಗೆ ಒಂದು ಕಷ್ಟ, ಮಗಳೇ. ಮೊದಲ ಸಾಲು ಬರೆದ ಮೇಲೆ ಎರಡನೆಯದು ಬಂದೇ ಬರುತ್ತದೆ ಎಂದು ನಂಬಿಬಿಡುತ್ತಾನೆ.

ಬಸ್ಸಿನ ಮಕ್ಕಳು ಕಾಯುತ್ತಿರುತ್ತಾರೆ, ಹೊರಡಬೇಕು. ಕಾಲು ಬೆಚ್ಚಗಿರಲಿ, ಬಾಡಿಗೆ ಹೆಚ್ಚದಿರಲಿ. ನಿನ್ನ ಅಂಗಡಿಗೆ ಬರುವವರೆಲ್ಲ ಸ್ವಲ್ಪ ಕುರುಡರೂ ತುಂಬ ಒಳ್ಳೆಯವರೂ ಆಗಿರಲಿ. ದೇವರು ಇದ್ದರೆ ನಿನ್ನ ಕಡೆಗಿರಲಿ, ಇಲ್ಲದಿದ್ದರೆ ನಾನಂತೂ ಇದ್ದೇನೆ.

ನಿನ್ನ ಅಪ್ಪ,
ಲೋರ್ಕನ್

ತಾ. ಕ.: ಮೇಲೆ ಬರೆಯಲಾಗದ್ದನ್ನು ಇಲ್ಲಿ ಬರೆಯುತ್ತೇನೆ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದು ಬಸ್ಸಿನಲ್ಲೇ ಕೂತಿದ್ದೇನೆ.

ಈ ತಿಂಗಳ ನಡುವಿನಲ್ಲಿ ಕೀರಾ ನಮ್ಮ ಮನೆಗೆ ಬಂದಿದ್ದಳು. ಗಾಲ್ವೇಗೆ ಹೋಗುವ ದಾರಿಯಲ್ಲಿ ಬಂದೆ ಎಂದಳು. ಡೆರಿಯಿಂದ ಗಾಲ್ವೇಗೆ ಹೋಗುವ ದಾರಿಯಲ್ಲಿ ನಾವು ಇಲ್ಲ ಎನ್ನುವುದು ಬಸ್ಸು ಓಡಿಸುವವನಿಗೆ ತಿಳಿಯದೇ? ಅಮ್ಮನ ಹತ್ತಿರ ಕ್ಷಮೆ ಕೇಳಲು ಬಂದಿದ್ದಳು. ಅಮ್ಮ ಪಾತ್ರೆ ತೊಳೆಯುತ್ತಿದ್ದವಳು ತಿರುಗದೆಯೇ, "ಇದು ಅಡುಗೆಮನೆ, ಆ ಕೋಣೆ ಅಲ್ಲ. ಇಲ್ಲಿ ಯಾವ ಕಟ್ಟಳೇನೂ ಇಲ್ಲ. ಹಾಡು, ಕೇಳ್ತೀನಿ" ಎಂದಳು. ಹುಡುಗಿ ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ. ಅವಳು ಹಾಡಿದಳು.

ಮೂರನೆಯ ಚರಣದಲ್ಲಿ 'ಮರಳಿ' ಎನ್ನುವ ಮಾತು ಬರುತ್ತದಲ್ಲ, ಅದರ ನಡುವೆ ಅವಳು ಉಸಿರೆಳೆದುಕೊಂಡಳು. 'ಮರ' ಎಂದು ನಿಂತು, ಉಸಿರೆಳೆದು, ಆಮೇಲೆ 'ಳಿ'. ಪ್ರಪಂಚದ ಯಾವ ಹಾಡುಗಾರರೂ ಅಲ್ಲಿ ಉಸಿರು ತೆಗೆದುಕೊಳ್ಳುವುದಿಲ್ಲ. ಮೊದಲ ಸಲ ಹಾಡಿದಾಗ ನಿನಗೆ ನೆಗಡಿಯಾಗಿತ್ತು, ಅಲ್ಲಿ ಉಸಿರು ಸಾಲಲಿಲ್ಲ, ಮುಂದೆ ಅದೇ ರೂಢಿಯಾಗಿ ಡೆಲಿಯಾ ಎಷ್ಟು ಬೈದರೂ ಬಿಡಲಿಲ್ಲ. ಈ ಹುಡುಗಿ ನಿನ್ನ ರೆಕಾರ್ಡಿಂಗ್ ಕೇಳಿ, ಅದೂ ಹಾಡಿನಲ್ಲೇ ಇದೆ ಎಂದುಕೊಂಡು ಶ್ರದ್ಧೆಯಿಂದ ಕಲಿತಿದ್ದಾಳೆ.

ಅಮ್ಮ ತಿರುಗಿದಳು. ಕೈಯಿಂದ ನೊರೆ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಓನಾ, ಬಂದ್ಯಾ?" ಎಂದಳು.

ಕೀರಾ ನಿಲ್ಲಿಸಬೇಕೋ ಬಿಡಬೇಕೋ ತಿಳಿಯದೆ ಹಾಡನ್ನು ಮುಗಿಸಿಯೇಬಿಟ್ಟಳು. ಅಮ್ಮ ಕೈ ಒರೆಸಿಕೊಂಡು ಬ್ರೆಡ್ಡು ಕೊಯ್ದು, ಬೆಣ್ಣೆ ಹಚ್ಚಿ ಅವಳ ಮುಂದಿಟ್ಟಳು, ಉಳಿದದ್ದನ್ನು ದಾರಿಗೆ ಕಟ್ಟಿಕೊಟ್ಟಳು. ಅದರ ಬಗ್ಗೆ ನಾವಿಬ್ಬರೂ ಈವರೆಗೆ ಒಂದು ಮಾತೂ ಆಡಿಲ್ಲ.

ಆದರೆ ಅಂದಿನಿಂದ ಅಮ್ಮ ದಿನವೂ, ನಾನು ಬಸ್ಸಿನ ಕೀ ಎತ್ತಿಕೊಳ್ಳುವ ಹೊತ್ತಿಗೆ, "ಇಪ್ಪತ್ತೆಂಟಕ್ಕೆ ಬರ್ತಾಳೆ ತಾನೇ?" ಎಂದು ಕೇಳುತ್ತಾಳೆ. "ಬರ್ತಾಳೆ" ಎನ್ನುತ್ತೇನೆ. ಯಾರು ಎಂದು ನಾನು ಕೇಳಿಲ್ಲ. ಕೇಳಿದರೆ ಅವಳು ಹೇಳಿಬಿಡುತ್ತಾಳೆ.