ಹಲ್ಲಿಲ್ಲದ ಜೇಡತೋಳ

ಅಣ್ಣಾ,

ಇವತ್ತು ನಿನ್ನ ಕುರ್ಚಿಯಲ್ಲಿ ನಾನು ಕೂತೆ. ನೀನು ಹೋದ ಮೇಲೆ, ನೀನು ಕಥೆ ನಡೆಸಿ ನಾವೆಲ್ಲ ಒಂದೊಂದು ಪಾತ್ರವಾಗಿ ಆಡುತ್ತಿದ್ದ ನಮ್ಮ ದಾಳದ ಆಟವೇ ನಿಂತಿತ್ತು. ನಿನ್ನ ಗೆಳೆಯ ಟೈಲರಣ್ಣ ಬಿಡಲಿಲ್ಲ. "ಕಥೆ ಅರ್ಧಕ್ಕೇ ನಿಂತಿದೆ ಕಣಮ್ಮ, ಇನ್ನು ನೀನೇ ನಡೆಸು" ಎಂದು ಗಂಟುಬಿದ್ದರು.

ನಿನ್ನ ಹಾಗೆಯೇ ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸಿ, ಅದರ ಹಿಂದೆ, ಬೇರೆ ಯಾರಿಗೂ ಕಾಣದಂತೆ, ಇಪ್ಪತ್ತು ಮುಖದ ದಾಳ ಇಟ್ಟುಕೊಂಡೆ. ಪಾತಾಳದ ಬಾಗಿಲು ತೆರೆದು ನಿನ್ನ ಜೇಡತೋಳಗಳನ್ನು ಬಿಟ್ಟೆ: ಎಂಟು ಕಾಲು, ತೋಳದ ಮೂತಿ, ಬಾಯಿಂದ ಇಳಿಯುವ ಬಲೆ. ಟೈಲರಣ್ಣನ ಮುದಿ ಯೋಧ ಸಿಕ್ಕಿಬಿದ್ದ. ದಾಳ ಉರುಳಿಸಿದೆ. ಇಪ್ಪತ್ತು ಬಿತ್ತು, ಅಂದರೆ ಯೋಧನ ಕಥೆ ಮುಗಿಯಿತು. ಮರೆಯಾಚೆ ಟೈಲರಣ್ಣ ಉಸಿರು ಬಿಗಿಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದರು.

"ಮೂರು," ಎಂದೆ. "ತಪ್ಪಿಸಿಕೊಂಡ."

"ನಿಮ್ಮಣ್ಣನ ತೋಳದ ಹಾಗೇನೇ, ಇದಕ್ಕೂ ಹಲ್ಲಿಲ್ಲ ಬಿಡಮ್ಮ!" ಎಂದು ನಕ್ಕರು.

ನಾನೂ ನಿನ್ನನ್ನು ಹಾಗೇ ರೇಗಿಸುತ್ತಿದ್ದೆ, ಅಲ್ವಾ? ಆಟದಲ್ಲಿ ನನ್ನ ವೈದ್ಯೆ ಇಷ್ಟು ವರ್ಷ ಸಾಯಲೇ ಇಲ್ಲ. ಅದು ನನ್ನ ಜಾಣತನವೆಂದು ಬೀಗುತ್ತಿದ್ದೆ. ನೀನು ಮೀಸೆಯಡಿ ನಗುತ್ತಿದ್ದೆ.

ಎಲ್ಲರೂ ಮನೆಗೆ ಹೋದರು. ಆ ದಾಳವನ್ನು ಇನ್ನೂ ಎತ್ತಿಟ್ಟಿಲ್ಲ.

ಆಸ್ಪತ್ರೆಯಲ್ಲಿ ನೀನು ಮಲಗಿದ್ದ ಹಸಿರು ಪರದೆಯ ಹೊರಗೆ ನಾನೂ ಹಾಗೆಯೇ ಉಸಿರು ಬಿಗಿಹಿಡಿದು ನಿಂತಿದ್ದೆ, ಅಣ್ಣಾ. ಡಾಕ್ಟರು ಹೊರಗೆ ಬಂದು, ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟರು.